ಮಳೇಲಿ ಪೇಂಟ್ ಹೊಡೆದು 1/24 ಮಿನಿ ಕೂಪರ್ ಬಾಡಿ ಬಿಳಿಚ್ಕೊಂಡಿದೆ, ಉಳಿಸ್ಕೋಬೋದಾ?

ಮಲೆನಾಡ್_ಮಿನಿ:

ಎಲ್ರಿಗೂ ನಮಸ್ಕಾರ. ಇದು ನನ್ನ ಮೊದಲ್ನೇ ಪ್ಲಾಸ್ಟಿಕ್ ಮಾಡೆಲ್ ಕಾರ್ ಕಿಟ್, ತಮಿಯಾ ಅನ್ನೋ ಜಪಾನ್ ಕಂಪನಿಯ 1/24 (ನಿಜ ಕಾರಿನ 24ನೇ ಒಂದು ಭಾಗದಷ್ಟು) ಮಾರಿಸ್ ಮಿನಿ ಕೂಪರ್. ಒಂದು ವರ್ಷ ದುಡ್ಡು ಕೂಡಿಸಿ ತರಿಸಿದ್ದು. ಚಾಸಿ, ಸೀಟು, ಇಂಟೀರಿಯರ್ ಎಲ್ಲಾ ಚೆನ್ನಾಗೇ ಬಂತು, ಡ್ಯಾಶ್‌ಬೋರ್ಡ್ ಮಧ್ಯದಲ್ಲಿರೋ ಮೀಟರ್‌ಗೆ ಹಲ್ಲುಕಡ್ಡಿ ತುದೀಲಿ ಬಣ್ಣ ಇಡೋಕೇ ಒಂದು ಸಂಜೆ ಪೂರ್ತಿ ಕೂತಿದ್ದೆ, ಅಷ್ಟು ಖುಷಿ ಆಗಿತ್ತು.

ಬಾಡೀಲಿ ಎಡವಿದೆ. ನಮ್ಮೂರು ಸಾಗರದ ಹತ್ರ, ಎರಡು ವಾರದಿಂದ ಮಳೆ ಬಿಟ್ಟಿಲ್ಲ. ಮಾಡೆಲ್‌ಗೆ ಅಂತಾನೇ ಬರೋ ಸ್ಪ್ರೇ ತರಿಸೋಣ ಅಂದ್ರೆ ಅದು ಬೆಂಕಿ ಹಿಡಿಯೋ ಸಾಮಾನು ವಿಮಾನದಲ್ಲಿ ಬರಲ್ಲ, ರೋಡಲ್ಲೇ ಬರ್ಬೇಕು ಅಂದ್ರು, ಕಾಯೋ ತಾಳ್ಮೆ ಇಲ್ದೆ ಪೇಟೆ ಹಾರ್ಡ್‌ವೇರ್ ಅಂಗಡಿಯಿಂದ ಕಡು ಹಸಿರು ಸ್ಪ್ರೇ ತಂದು ಪ್ರೈಮರ್ ಕೂಡ ಹಾಕ್ದೆ ಜಗಲೀಲಿ ನಿಂತು ಹೊಡ್ದೆ. ಹೊಡೆದಾಗ ಫಳಫಳ ಅಂತಿತ್ತು. ಹತ್ತು ನಿಮಿಷಕ್ಕೆ ರೂಫ್ ಮೇಲೆಲ್ಲಾ ಬೂದಿ ಬಳಿದಂಗೆ ಬಿಳಿಚ್ಕೊಳ್ತು. ಬಾಗಿಲ ಮೇಲೆ ಕಿತ್ತಳೆ ಸಿಪ್ಪೆ ಥರ ಆಗಿದೆ, ಬಾನೆಟ್ ಗೆರೆಗಳು ಪೇಂಟಲ್ಲಿ ಮುಚ್ಚಿಹೋಗಿವೆ. ಮುಂದಿನ ಗಾಜನ್ನ ಒಂದ್ಸಲ ಕೂರಿಸಿ ನೋಡೋಣ ಅಂತ ಸೂಪರ್ ಗ್ಲೂ ಹಾಕಿದ್ದೆ, ಅದ್ರ ಸುತ್ತ ಮಂಜು ಕವಿದಂಗೆ ಕಲೆ.

ಬಾಡಿ ಬಿಸಾಕಿ ಬೇರೆ ಕಿಟ್ ತಗೊಳ್ಳೋ ಶಕ್ತಿ ಈಗಿಲ್ಲ. ಥಿನ್ನರ್ ಹಾಕಿ ಒರೆಸ್ಬೋದಾ? ದಯವಿಟ್ಟು ಗೊತ್ತಿರೋರು ಹೇಳಿ.

ಸ್ಪ್ರೂ_ಕಟ್ಟರ್:

ಥಿನ್ನರ್ ಮುಟ್ಟಬೇಡಿ ಸರ್, ಮೊದ್ಲು ಇದನ್ನ ಓದಿ. ಅಂಗಡೀಲಿ ಸಿಗೋ ಎನ್‌ಸಿ ಥಿನ್ನರ್, ಪೆಟ್ರೋಲು, ನೇಲ್ ಪಾಲಿಶ್ ರಿಮೂವರ್ ಇವ್ಯಾವುದನ್ನೂ ಹತ್ರ ತರಬೇಡಿ, ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್, ಪೇಂಟಿನ ಜೊತೆ ಅದೂ ಕರಗಿ ಬರುತ್ತೆ, ಆಮೇಲೆ ಉಳಿಸೋಕೆ ಏನೂ ಇರಲ್ಲ.

ಈಗಿನ ಸ್ಥಿತೀಲಿ ನಿಮ್ಮ ಬಾಡಿ ಆರಾಮಾಗಿ ಉಳಿಯುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲ್, 99 ಪರ್ಸೆಂಟ್ ಇರೋದು ತಗೊಳ್ಳಿ, ಮೊಬೈಲ್ ರಿಪೇರಿಯವ್ರು ಬೋರ್ಡ್ ಕ್ಲೀನ್ ಮಾಡೋಕೆ ಇದನ್ನೇ ಇಟ್ಕೊಂಡಿರ್ತಾರೆ. ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬೀಲಿ ಬಾಡಿ ಮುಳುಗೋ ಅಷ್ಟು ಹಾಕಿ ರಾತ್ರಿ ಬಿಟ್ಟು ಬೆಳಿಗ್ಗೆ ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ. ಗಾಜು, ಕ್ರೋಮ್ ಪಾರ್ಟ್ ಬಿಚ್ಚಿಟ್ಟೇ ಹಾಕ್ಬೇಕು. ಒಲೆ, ದೀಪದ ಹತ್ರ ಬೇಡ, ಕಿಟಕಿ ತೆಗೆದಿರಲಿ. ಅಂಗಡಿ ಪೇಂಟ್ ಕೆಲವೊಂದು ಇದಕ್ಕೆ ಜಗ್ಗಲ್ಲ, ಆಗ ಡಾಟ್ 3 ಬ್ರೇಕ್ ಆಯಿಲ್, ಗ್ಲೌಸ್ ಹಾಕ್ಕೊಂಡು, ಗಂಟೆಗೊಂದ್ಸಲ ನೋಡ್ತಾ ಇರಿ. ಎಲ್ಲಾ ಹೋದ್ಮೇಲೆ ಪಾತ್ರೆ ತೊಳೆಯೋ ಲಿಕ್ವಿಡ್ಡಲ್ಲಿ ತೊಳೀರಿ. ಹೊಸ ಕಿಟ್ ಆದ್ರೂ ಹೀಗೆ ತೊಳೆದೇ ಶುರು ಮಾಡ್ಬೇಕು, ಅಚ್ಚಿನಿಂದ ಬಿಡಿಸೋಕೆ ಹಾಕೋ ಜಿಡ್ಡು ಪಾರ್ಟ್ ಮೇಲೆ ಉಳಿದಿರುತ್ತೆ.

ಬಿಳಿಚ್ಕೊಂಡಿದ್ದು ಯಾಕೆ ಅಂದ್ರೆ ಪೇಂಟಲ್ಲಿರೋ ಥಿನ್ನರ್ ಬೇಗ ಆರುವಾಗ ಆ ಜಾಗನ ತಣ್ಣಗೆ ಮಾಡುತ್ತೆ, ತಣ್ಣೀರು ತುಂಬಿದ ಸ್ಟೀಲ್ ಲೋಟ ಹೊರಗಡೆ ಬೆವರಲ್ವಾ, ಅದೇ ಇಲ್ಲೂ, ಗಾಳೀಲಿರೋ ನೀರು ಹಸಿ ಪೇಂಟ್ ಮೇಲೆ ಇಳಿದು ಒಳಗೇ ಸಿಕ್ಕಾಕೊಳ್ಳುತ್ತೆ. ನಾನು ಮಂಗಳೂರಲ್ಲಿ ಇರೋನು, ಈ ಪಾಠ ಎರಡು ಬಾಡಿ ಮೇಲೆ ಕಲ್ತಿದೀನಿ. ಈಗ ತೇವಾಂಶ ತೋರ್ಸೋ ಒಂದು ಸಣ್ಣ ಮೀಟರ್ ಟೇಬಲ್ ಮೇಲಿಟ್ಟಿದೀನಿ, 65 ದಾಟಿದ್ರೆ ಕ್ಯಾನ್ ಮುಟ್ಟಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಂದು ಬರೀ ಎಂಜಿನ್, ಸೀಟು, ಬ್ರಶ್ ಕೆಲ್ಸ.

ಮತ್ತೆ ಹೊಡೆಯುವಾಗ ಮೊದ್ಲು ಗ್ರೇ ಪ್ರೈಮರ್ ಹಾಕಿ. ಕ್ಯಾನ್‌ನ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಇಡಿ, ಒಲೆ ಮೇಲೆ ಯಾವತ್ತೂ ಬೇಡ. 20-25 ಸೆಂಟಿಮೀಟರ್ ದೂರ, ಬಾಡಿಯಿಂದ ಹೊರಗೆ ಬಟನ್ ಒತ್ತಿ, ದಾಟಿಸ್ಕೊಂಡು ಹೋಗಿ ಹೊರಗೇ ಬಿಡಿ. ಮೊದಲ್ನೇ ಎರಡು ಸುತ್ತು ಇಬ್ಬನಿ ಬಿದ್ದಷ್ಟೇ ಇರಲಿ, ಕೆಳಗಿನ ಪ್ಲಾಸ್ಟಿಕ್ ಕಾಣ್ತಾ ಇದ್ರೂ ಪರ್ವಾಗಿಲ್ಲ, ಎಲ್ರೂ ಅಲ್ಲೇ ಅವಸರ ಮಾಡಿ ಗೆರೆ ಮುಚ್ಚಿಸ್ಕೊಳ್ಳೋದು. ಆಮೇಲೆ ಮೂಗಿನ ಹತ್ರ ಇಟ್ಟು ನೋಡಿ, ವಾಸನೆ ಇನ್ನೂ ಬರ್ತಿದೆ ಅಂದ್ರೆ ಪೇಂಟ್ ಆರಿಲ್ಲ, ಕೈ ಹಾಕ್ಬೇಡಿ.

ಗಾಜಿಗೆ ಯಾವಾಗ್ಲೂ ಫೆವಿಕಾಲ್ ಥರದ ಬಿಳಿ ಅಂಟು. ಸೂಪರ್ ಗ್ಲೂ ಹೊಗೆಯಿಂದಾನೇ ಆ ಮಂಜು ಬಂದಿದ್ದು, 2000 ನಂಬರ್ ವಾಟರ್ ಪೇಪರ್ ನೀರಲ್ಲಿ ನೆನೆಸಿ ಮೆಲ್ಲಗೆ ಉಜ್ಜಿ ಮೇಲೆ ಪಾಲಿಶಿಂಗ್ ಕಾಂಪೌಂಡ್ ಹಾಕಿದ್ರೆ ಹೋಗುತ್ತೆ.

ಹುಬ್ಬಳ್ಳಿ_ಗ್ಯಾರೇಜ್:

ಅಣ್ಣಾರ, ಗಾಬರಿ ಆಗಬ್ಯಾಡ್ರಿ, ಮ್ಯಾಲಿನವ್ರು ಹೇಳಿದ್ದು ಖರೇ ಐತಿ, ನಾನು ಬ್ರೇಕ್ ಆಯಿಲ್‌ದಾಗ ಮೂರು ಬಾಡಿ ತೊಳದೀನಿ, ಏನೂ ಆಗಿಲ್ಲ.

ನಾ ಹೇಳೂದು ಬ್ಯಾರೆ ಒಂದ್ ಮಾತ್ರಿ. ಮಳಿಗಾಲ ಮುಗಿಯೂತನ ಆ ಡಬ್ಬಿ ಕಟ್ಟಿ ಮ್ಯಾಲ ಇಡ್ತೀರಿ ಅಂದ್ರ ಟೈರ್ ಬ್ಯಾರೆ ಪಾಕೀಟಿನ್ಯಾಗ ಹಾಕಿ ಇಡ್ರಿ. ನಾ ಹನ್ನೆರಡು ವರ್ಷ ಕಿಟ್ ಬರೇ ಕೂಡಿಸಿಟ್ಟಾಂವ, ಕಟ್ಟೂದು ಮುಂದ ನೋಡೂಣು ಅಂತ. ಹೋದ ವರ್ಷ ಒಂದು ಡಬ್ಬಿ ತಗದ್ರ ಟೈರಿನ ರಬ್ಬರ್ ರಿಮ್ಮಿಗೆ ಹತ್ತಿ ಪ್ಲಾಸ್ಟಿಕ್ ತಿಂದು ಬಿಟ್ಟಿತ್ತು, ಗಾಲಿ ಮ್ಯಾಲ ಟೈರಿನ ಗುರ್ತು ಕೆತ್ತಿದಂಗ ಕೂತಿತ್ತು. ಡೆಕಾಲ್, ಅಂದ್ರ ಕಾರಿಗೆ ಹಚ್ಚೂ ಸ್ಟಿಕ್ಕರ್, ಹಳದಿ ಆಗಿದ್ವು. ಡೆಕಾಲ್ ಹಂಗ ಆಗಿದ್ರ ಜಿಪ್ ಪಾಕೀಟಿನ್ಯಾಗ ಹಾಕಿ ಬಿಸಿಲು ಬೀಳೂ ಕಿಡಕಿ ಗಾಜಿಗೆ ಹಚ್ರಿ, ದಿನಾ ಬಿಸಿಲು ತಾಕಿದ್ರ ಬೆಳ್ಳಗ ಆಗ್ತಾವ, ನಂದು ಎರಡು ವಾರಕ್ಕ ಆತು. ಇಟ್ಟ ಕಿಟ್ ಹಾಳಾಗ್ತೈತ್ರಿ, ಕಟ್ಟಿದ್ದು ಉಳೀತೈತಿ. ಇದನ್ನ ತಿಳ್ಕೊಳ್ಳಾಕ ನನಗ ಭಾಳ ದಿನ ಬೇಕಾತು.

ಈಗ ನಮ್ಮಪ್ಪನ ಮಾರುತಿ 800 ಮಾಡಾಕ ಹತ್ತೀನಿ, 86ರ ಮ್ಯಾಲ ಬಂದ ಮಾಡೆಲ್. ಪ್ಲಾಸ್ಟಿಕ್ ಶೀಟ್ ಕೊರದು ಕೈಯಿಂದನ ಮಾಡಾಕತ್ತೀನಿ. ಕಾರ್ ಉದ್ದ 3335 ಮಿಲಿಮೀಟರ್, 24ರಿಂದ ಭಾಗಿಸಿದ್ರ 139 ಮಿಲಿಮೀಟರ್, ಅಗಲ 1440 ಅಂದ್ರ ಬರೋಬ್ಬರಿ 60. 12 ಇಂಚಿನ ಗಾಲಿ ಟೈರ್ ಸುದ್ದಾ 21 ಮಿಲಿಮೀಟರ್, ನಮ್ಮ ಎರಡು ರೂಪಾಯಿ ನಾಣ್ಯಕ್ಕಿಂತ ಸಣ್ಣದ್ರಿ. ಅಪ್ಪ ಅದನ್ನ ತೊಳಿಯೂ ಮುಂದ ಬಾಗಲದ ಕೆಳಗಿನ ಅಂಚಿಗೆ ಬೊಟ್ಟು ಹಚ್ಚಿ ತುಕ್ಕು ಐತೇನು ಅಂತ ಸವರಿ ನೋಡ್ತಿದ್ರು. ಆ ಅಂಚು ಕೊರಿಯೂದಕ್ಕನ ನನಗ ಎಂಟು ದಿನ ಹಿಡೀತು.

ನಗೋಯಾ_ಕನ್ನಡಿಗ:

ಥ್ರೆಡ್ ಓದಿ ಬರೀದೆ ಇರೋಕಾಗ್ಲಿಲ್ಲ. ನಾನು ಕೆಲಸದ ಮೇಲೆ ಜಪಾನ್‌ನಲ್ಲಿದೀನಿ, ಶಿಜುವೋಕಾ ಇಲ್ಲಿಂದ ಟ್ರೈನಲ್ಲಿ ಹತ್ರಾನೇ. ನಿಮ್ಮ ಮಿನಿ ಡಬ್ಬಿ ಮೇಲಿರೋ ಕಂಪನಿ ಊರು ಅದೇ. ಅದೊಂದೇ ಅಲ್ಲ, ಹಸೆಗಾವಾ, ಫುಜಿಮಿ, ಆವೊಶಿಮಾ ಎಲ್ಲಾ ಆ ಜಿಲ್ಲೆಯವೇ. ಅಲ್ಲಿ ಮೊದ್ಲಿಂದ ಮರಗೆಲಸ ಜಾಸ್ತಿ, ತಮಿಯಾನೂ 1946ರಲ್ಲಿ ಮರ ಕೊಯ್ಯೋ ಮಿಲ್ಲಾಗಿ ಶುರುವಾಗಿದ್ದು, ಆಮೇಲೆ ಮರದ ಮಾಡೆಲ್, 1960ರಲ್ಲಿ ಮೊದಲ ಪ್ಲಾಸ್ಟಿಕ್ ಕಿಟ್ ಮಾಡಿದ್ರು, ಅದು ಯಮಾಟೊ ಯುದ್ಧನೌಕೆ. ಶಿಜುವೋಕಾ ಊರಲ್ಲಿ ಒಂದು ಕಡೆ ಅಂಚೆ ಡಬ್ಬಾನೇ ಕಿಟ್ ಪಾರ್ಟ್ ಥರ ಫ್ರೇಮಿಗೆ ಅಂಟ್ಕೊಂಡಂಗೆ ಮಾಡಿ ನಿಲ್ಲಿಸಿದಾರೆ, ಮುರಿದು ತಗೊಂಡ್ರೆ ಜೋಡಿಸ್ಬೋದು ಅನ್ಸುತ್ತೆ, ಅದ್ರಲ್ಲಿ ನಿಜವಾಗ್ಲೂ ಕಾಗದ ಹಾಕ್ಬೋದು.

ಮೇ ತಿಂಗಳಲ್ಲಿ ಅಲ್ಲಿ ಹಾಬಿ ಶೋ ಆಗುತ್ತೆ, ಕ್ಲಬ್ಬಿನವ್ರು ತಾವು ಕಟ್ಟಿದ್ದನ್ನ ತಂದು ಟೇಬಲ್ ಮೇಲಿಡ್ತಾರೆ. ಒಬ್ಬ ವಯಸ್ಸಾದವರ ಹತ್ರ ಇದೇ ಮಿನಿ ಇತ್ತು. ಹತ್ರ ಬಗ್ಗಿ ನೋಡಿದ್ರೆ ಬಾಗಿಲ ಹತ್ರ ಪೇಂಟ್ ಸ್ವಲ್ಪ ಹೊಪ್ಪಳಿಕೆ ಎದ್ದಿತ್ತು. ಕೇಳ್ದೆ. ಅವ್ರು ಮೊಟ್ಟಮೊದಲು ಕಟ್ಟಿದ ಕಿಟ್ ಅದೇ ಅಂತೆ, ಪ್ರತೀ ವರ್ಷ ಅದನ್ನೂ ತರ್ತಾರಂತೆ. ಪಕ್ಕದಲ್ಲಿದ್ದ ಬೇರೆ ಕಾರುಗಳು ಕನ್ನಡಿ ಥರ ಇದ್ವು, ಆದ್ರೆ ನನಗೆ ಅದೇ ಹೆಚ್ಚು ನೆನಪಲ್ಲಿದೆ.

ಇನ್ನೊಂದು, ಜಪಾನಲ್ಲೂ ಜೂನ್ ಜುಲೈ ಮಳೆಗಾಲದಲ್ಲಿ ಇದೇ ಕಾಟ. ಅಲ್ಪಸ್ವಲ್ಪ ಬಿಳಿಚ್ಕೊಂಡಿದ್ರೆ ನಿಧಾನ ಆರೋ ಲೆವೆಲಿಂಗ್ ಥಿನ್ನರ್‌ನ ಏರ್‌ಬ್ರಶ್ ಅನ್ನೋ ಸಣ್ಣ ಸ್ಪ್ರೇ ಗನ್ನಲ್ಲಿ ಮೇಲೆ ತೆಳ್ಳಗೆ ಹೊಡೀತಾರೆ, ಪೇಂಟ್ ಮತ್ತೆ ಮೆತ್ತಗಾಗಿ ನೀರು ಹೊರಗೆ ಹೋಗುತ್ತೆ. ನಿಮ್ದು ಗೆರೆಗಳೇ ಮುಚ್ಚಿವೆ ಅಂದ್ಮೇಲೆ ಪೂರ್ತಿ ತೆಗೆಯೋದೇ ಸರಿ.

ಮಲೆನಾಡ್_ಮಿನಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ನಾಲ್ಕು ದಿನ ಆಯ್ತು, ಏನಾಯ್ತು ಅಂತ ಹೇಳೋಕೆ ಬಂದೆ. ಮೊಬೈಲ್ ಅಂಗಡಿ ಹುಡುಗನ ಹತ್ರ ಐಸೋಪ್ರೊಪೈಲ್ ಅರ್ಧ ಲೀಟರ್ ಸಿಕ್ತು, ಮೊದಲ್ನೇ ರಾತ್ರಿ ರೂಫ್ ಮೇಲಿಂದು ಮಾತ್ರ ಸುಕ್ಕುಗಟ್ಟಿ ಎದ್ದಿತ್ತು, ಎರಡನೇ ದಿನ ಬಾಗಿಲದ್ದೂ ಬಂತು. ಬಾನೆಟ್ ಗೆರೇಲಿ ಸಿಕ್ಕಾಕೊಂಡಿದ್ದನ್ನ ಹಲ್ಲುಕಡ್ಡೀಲೇ ತೆಗೆದೆ. ಪ್ಲಾಸ್ಟಿಕ್‌ಗೆ ಏನೂ ಆಗಿಲ್ಲ, ಬಾನೆಟ್‌ನ ಆ ಗೆರೆ ಮತ್ತೆ ಕೂದಲೆಳೆ ಥರ ಕಂಡಾಗ ಅಮ್ಮನ್ನ ಕರೆದು ತೋರಿಸ್ದೆ.

ಹುಬ್ಬಳ್ಳಿ ಅಣ್ಣ, ಟೈರ್ ನಾಲ್ಕೂ ಬೇರೆ ಕವರಲ್ಲಿ ಹಾಕಿದೀನಿ, ಡೆಕಾಲ್ ಸಿಲಿಕಾ ಜೆಲ್ ಜೊತೆ ಅಕ್ಕಿ ಡಬ್ಬದ ಪಕ್ಕ ಇದೆ. ನಿಮ್ಮ 800 ಫೋಟೋ ಹಾಕಿ, ನೋಡ್ಬೇಕು. ತೇವಾಂಶದ ಮೀಟರ್ ತರಿಸ್ದೆ, ಈಗ 91 ತೋರಿಸ್ತಿದೆ. ದಸರಾ ಆದ್ಮೇಲೆ ಬಿಸಿಲು ಬಂದಾಗ ಪ್ರೈಮರ್ ಹೊಡೀತೀನಿ, ಅಲ್ಲೀತನಕ ಗಾಜು ಪಾಲಿಶ್ ಮಾಡ್ತಾ ಕೂರ್ತೀನಿ, ಎಡಗಡೆ ಮೂಲೆ ಆಗ್ಲೇ ತಿಳಿಯಾಗಿದೆ.