ಒಂದೇ ಬರಹಕ್ಕೆ ಒಬ್ರು 8, ಇನ್ನೊಬ್ರು 4: ವರ್ಣನೆಗೆ ಅಂಕ ಹಾಕೋದು ಹೇಗೆ?

ಸೋಮವಾರಪೇಟೆ ಟೀಚರ್:
ಎಲ್ರಿಗೂ ನಮಸ್ಕಾರ. 9ನೇ ಕ್ಲಾಸಿಗೆ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ "ನಮ್ಮೂರ ಮಳೆಗಾಲ" ವರ್ಣಿಸಿ ಅಂತ ಕೊಟ್ಟಿದ್ವಿ, 10 ಅಂಕಕ್ಕೆ. ಒಂದು ಪೇಪರ್ ಶುರುವಾಗೋದೇ "ಮಳೆಯು ಪ್ರಕೃತಿಮಾತೆಯು ಮಾನವನಿಗೆ ನೀಡಿದ ಅಮೂಲ್ಯ ಕೊಡುಗೆ" ಅಂತ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಮೂರಕ್ಕೂ ಅಡಿಗೆರೆ, ಅಕ್ಷರ ದುಂಡಗೆ, ಒಂದೂ ತಪ್ಪಿಲ್ಲ, ಆದ್ರೆ ಅದನ್ನ ವಿಜಯಪುರದಲ್ಲಿ ಕೂತೂ ಬರೀಬಹುದು, ನಮ್ಮೂರು ಎಲ್ಲೂ ಇಲ್ಲ. ಇನ್ನೊಂದು ತೋಟದ ಲೈನ್ ಮನೆ (ಕಾರ್ಮಿಕರ ಸಾಲುಮನೆ) ಹುಡುಗಿದು: "ಜುಲೈಲಿ ಬಟ್ಟೆ ಒನಗಲ್ಲ. ಅಮ್ಮ ಒಲೆ ಮೇಲೆ ಹಗ್ಗ ಕಟ್ಟಿ ಯೂನಿಪಾರಂ ಹಾಕ್ತಾಳೆ. ಕ್ಲಾಸಲ್ಲಿ ನಮ್ಮ ಲೈನಿನ ಮಕ್ಕಳು ಎಲ್ಲಾರೂ ಹೊಗೆ ವಾಶನೆ." ಪ್ಯಾರಾ ಇಲ್ಲ, ತಪ್ಪು ತುಂಬಾ. ನಾನು ಇದಕ್ಕೆ 8 ಅಂದೆ, ಜೊತೆ ಟೀಚರ್ 4 ಅಂದ್ರು. ಮೊದಲನೇದಕ್ಕೆ ಅವರು 9, ನಾನು 5. ನೀವೆಲ್ಲ ಹೇಗೆ ಹಾಕ್ತೀರಿ?

ನಾಪೋಕ್ಲು ಮೇಷ್ಟ್ರು:
ನಿಮ್ಮ ಜೊತೆ ಟೀಚರ್ ಹೇಳಿದ್ದನ್ನ ಸುಮ್ಮನೆ ತಳ್ಳಿಹಾಕ್ಬೇಡಿ ಮೇಡಂ. ಮುಂದಿನ ವರ್ಷ ಇದೇ ಮಕ್ಕಳು ಎಸ್ಸೆಸ್ಸೆಲ್ಸಿ. ಪ್ರಥಮ ಭಾಷೆ ಲಿಖಿತ ಪೇಪರ್ 100 ಅಂಕದ್ದು, ಅದ್ರಲ್ಲಿ ಪ್ರಬಂಧಕ್ಕೆ ಬರೋದು ನಾಲ್ಕೈದು ಅಂಕ, ವ್ಯಾಲ್ಯುಯೇಷನ್‌ಗೆ ಕೂತವರ ಮುಂದೆ ಪೇಪರ್ ರಾಶಿ ಇರುತ್ತೆ, ಅವರು ಪೀಠಿಕೆ ಇದ್ಯಾ, ಉಪಸಂಹಾರ ಇದ್ಯಾ ನೋಡ್ತಾರೆ. ಆ ಹುಡುಗಿಗೆ ಈಗ 8 ಕೊಟ್ಟು ಬೆನ್ನು ತಟ್ಟಿದ್ರೆ ಅಲ್ಲಿ ಹೋಗಿ ಅಂಕ ಕಳ್ಕೊಳ್ತಾಳೆ. ಚೌಕಟ್ಟು ಕಲಿಸೋದು ಬಡ ಮಕ್ಕಳಿಗೆ ನಾವು ಮಾಡೋ ಉಪಕಾರ ಅಂತಾನೇ ನಾನು ನಂಬಿರೋದು.

ಗೋಣಿಕೊಪ್ಪ ಪೇರೆಂಟ್:
ಸರ್, ಚೌಕಟ್ಟು ಕಲಿಸಿ, ಬೇಡ ಅನ್ನಲ್ಲ. ಆದ್ರೆ ನನ್ನ ಮಗ ಪ್ರವಾಸ, ಮಳೆ, ಹಬ್ಬ ಯಾವ್ದು ಕೊಟ್ರೂ ಅದೇ ನಾಲ್ಕು ಸಾಲು ಬರೀತಾನೆ, ಗೈಡಿಂದು. ಇರುಪ್ಪು ಜಲಪಾತಕ್ಕೆ ಕರ್ಕೊಂಡು ಹೋಗಿ ಬಂದ್ವಿ, ಕಾಲು ಜಾರಿ ಬಿದ್ದ, ನೀರು ಮುಖಕ್ಕೆ ಹೊಡೆದು ಉಸಿರೇ ಕಟ್ತು ಅಂತ ದಾರಿಯುದ್ದಕ್ಕೂ ಹೇಳ್ತಾ ಬಂದವನು ನೋಟ್ ಬುಕ್ಕಲ್ಲಿ "ಪ್ರಕೃತಿಯ ರಮಣೀಯ ದೃಶ್ಯ ಮನಸೂರೆಗೊಂಡಿತು" ಅಂತ ಬರೆದ! ಕೇಳಿದ್ರೆ, ಅಮ್ಮಾ ಹಂಗೆ ಬರೆದ್ರೇ ಅಂಕ ಬರೋದು ಅಂದ. ಅವನು ಹೇಳಿದ್ದು ನಿಜ, ಅದೇ ನಂಗೆ ಸಂಕಟ.

ಬಿ.ಎಡ್ ಮಡಿಕೇರಿ:
8 ಮತ್ತು 4 ಅಂದ್ರೆ ಯಾರೂ ಗಾಬರಿ ಆಗೋದು ಬೇಡ, ಇದು ಹಳೇ ಸಮಸ್ಯೆ. 1912ರಲ್ಲೇ ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಅನ್ನೋರು ಹೈಸ್ಕೂಲಿನ ಒಂದೇ ಇಂಗ್ಲಿಷ್ ಪೇಪರನ್ನ ನೂರಕ್ಕೂ ಹೆಚ್ಚು ಶಾಲೆಗಳಿಗೆ ಕಳಿಸಿ ತಿದ್ದಿಸಿದ್ರು, 100ಕ್ಕೆ ಒಬ್ರು 64 ಕೊಟ್ರೆ ಇನ್ನೊಬ್ರು 98 ಕೊಟ್ಟಿದ್ರು. ಯಾಕಂದ್ರೆ ಒಬ್ಬೊಬ್ರು ಒಂದೊಂದಕ್ಕೆ ಅಂಕ ಹಾಕ್ತಿರ್ತಾರೆ. ನೀವಿಬ್ರು ಟೀಚರ್‌ಗಳೂ ಅಷ್ಟೇ, ಒಬ್ರು ತಿದ್ದಿದ್ದು ಅಚ್ಚುಕಟ್ಟನ್ನ, ಒಬ್ರು ವರ್ಣನೆನ. ತಿದ್ದೋಕೆ ಮೊದಲೇ ರೂಬ್ರಿಕ್ಸ್, ಅಂದ್ರೆ ಯಾವುದಕ್ಕೆ ಎಷ್ಟು ಅಂಕ ಅನ್ನೋ ಪಟ್ಟಿ, ಒಪ್ಕೊಳ್ಳಿ: ಖುದ್ದು ಗಮನಿಸಿದ ವಿವರಕ್ಕೆ 4, ಜೋಡಣೆಗೆ 2, ಪದಗಳ ಆಯ್ಕೆಗೆ 2, ಕಾಗುಣಿತ ಮತ್ತು ವಾಕ್ಯಕ್ಕೆ 2. ಆಗ ಕಾಗುಣಿತ ತಪ್ಪಿದ್ರೆ ಹೋಗೋದು ಆ 2 ಮಾತ್ರ, ಪೂರ್ತಿ ಬರಹ ಅಲ್ಲ.

ಹೂಮಳೆ:
ರೂಬ್ರಿಕ್ಸ್ ನಮ್ಮ ಶಾಲೆಲೂ ಮಾಡಿದ್ವಿ. ಕಣ್ಣಿಗೆ ಕಂಡಿದ್ದು, ಕಿವಿಗೆ ಕೇಳಿದ್ದು, ಮೂಗಿಗೆ ಬಂದಿದ್ದು ಅಂತ ಬೋರ್ಡ್ ಮೇಲೆ ಬರೆದ ಮೇಲೆ ಮಕ್ಕಳು ಅದನ್ನೂ ಲೆಕ್ಕಕ್ಕೆ ತುಂಬ್ತಾರೆ. ಮಾರ್ಚ್‌ನಲ್ಲಿ ಕಾಫಿ ಹೂವಿನ ಬಗ್ಗೆ ಬರೆಸಿದ್ರೆ ಎಲ್ಲರ ಪೇಪರಲ್ಲೂ "ಮಲ್ಲಿಗೆಯಂಥ ಪರಿಮಳ, ಜೇನುನೊಣಗಳ ಝೇಂಕಾರ". ಒಬ್ಬ ಹುಡುಗ ಮಾತ್ರ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಬಾರದೆ ಅಪ್ಪ ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಪೈಪ್ ಬದಲಾಯಿಸಿದ್ದು ಬರೆದಿದ್ದ, ಅವನಲ್ಲಿ ಪರಿಮಳ ಇರ್ಲಿಲ್ಲ, ಹಾಗಾಗಿ ರೂಬ್ರಿಕ್ಸ್ ಪ್ರಕಾರ ಕಮ್ಮಿ ಅಂಕ! ಇದು ಸರಿನಾ? ಎರಡೆರಡು ಪೇಪರ್ ಪಕ್ಕ ಪಕ್ಕ ಇಟ್ಟು ಯಾವ್ದ್ರಲ್ಲಿ ಊರು ಕಣ್ಮುಂದೆ ಬರುತ್ತೆ ಅಂತ ಕೇಳಿದ್ರೆ ಟೀಚರ್‌ಗಳು ಹೆಚ್ಚಾಗಿ ಒಂದೇ ಕಡೆ ಬೆರಳು ತೋರಿಸ್ತಾರೆ, ಅಂಕ ಹಾಕಿ ಅಂದಾಗ್ಲೇ ಜಗಳ.

ಬಿ.ಎಡ್ ಮಡಿಕೇರಿ:
@ಹೂಮಳೆ ಹೌದು, ಅದಕ್ಕೆ ಅಮೆರಿಕದ ಮನೋವಿಜ್ಞಾನಿ ಥರ್ಸ್ಟನ್ 1927ರಲ್ಲೇ ಹಾಕಿಕೊಟ್ಟ ಲೆಕ್ಕ ಇದೆ, ಜೋಡಿ ಹೋಲಿಕೆ. ಆದ್ರೆ 40 ಮಕ್ಕಳ ಕ್ಲಾಸಲ್ಲಿ ಎಲ್ಲಾ ಜೋಡಿ ನೋಡೋಕೆ ಹೋದ್ರೆ 780 ಆಗುತ್ತೆ, ಅಷ್ಟು ಯಾರೂ ಮಾಡಲ್ಲ, ಕೆಲವನ್ನ ಮಾತ್ರ ಆರಿಸ್ಕೊಂಡು ಹೋಲಿಸ್ಬೇಕು. ಮತ್ತೆ ಪೋಷಕರು ಬಂದು ನನ್ನ ಮಗಳಿಗೆ ಯಾಕೆ ಕಮ್ಮಿ ಅಂದ್ರೆ "ಇನ್ನೊಬ್ಳದ್ದು ಚೆನ್ನಾಗಿತ್ತು" ಅನ್ನೋದು ಉತ್ತರ ಆಗಲ್ಲ. ಹೋಲಿಸಿ ಒಂದು ಉತ್ತಮ, ಒಂದು ಮಧ್ಯಮ, ಒಂದು ಸಾಧಾರಣ ಪೇಪರ್ ಆರಿಸಿ ಇಟ್ಕೊಳ್ಳಿ, ಉಳಿದದ್ದನ್ನ ಅವುಗಳ ಪಕ್ಕ ಇಟ್ಟು ತಿದ್ದಿ.

ಗೋಣಿಕೊಪ್ಪ ಪೇರೆಂಟ್:
ಪ್ರಶ್ನೆನೇ ಸರಿ ಇಲ್ದಿದ್ರೆ ಹೇಗೆ ತಿದ್ದಿ ಏನು? "ನೀವು ಕಂಡ ತಲಕಾವೇರಿ ತೀರ್ಥೋದ್ಭವ" ಅಂತ ಒಮ್ಮೆ ಕೊಟ್ಟಿದ್ರು. ಅಸ್ಸಾಂನಿಂದ ತೋಟಕ್ಕೆ ಬಂದವರ ಮಗು ಎಲ್ಲಿ ನೋಡಿರುತ್ತೆ? ಹುತ್ತರಿಗೆ (ಕೊಡಗಿನ ಸುಗ್ಗಿ ಹಬ್ಬ) ಕದಿರು ತೆಗೆಯೋದು ನೋಡದ ಮಕ್ಕಳೂ ಕ್ಲಾಸಲ್ಲಿ ಇದಾರೆ. ಅವರು ಗೈಡಿಗೆ ಹೋಗದೆ ಇನ್ನೇನು ಮಾಡ್ತಾರೆ.

ನಾಪೋಕ್ಲು ಮೇಷ್ಟ್ರು:
ಈ ಮಾತು ಒಪ್ಪಿದೆ ಅಮ್ಮಾ. ಮನೇಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಮಾತಾಡೋ ಮಕ್ಕಳು ನಮ್ಮಲ್ಲಿ ಇದಾರೆ, ಅವರಿಗೆ ಮಹಾಪ್ರಾಣ ಬಿಟ್ಟು ಹೋಗೋದು ಸಹಜ. ಆದ್ರೂ ತಪ್ಪು ತಪ್ಪೇ, ತಿದ್ದಲೇಬೇಕು, ಇಲ್ಲದಿದ್ರೆ ಮುಂದೆ ಒಂದು ಅರ್ಜಿ ಬರೆಯೋಕೂ ಆಗಲ್ಲ. ಮೊದಲ ಕರಡಿಗೆ ಅಂಕ ಹಾಕದೆ ತಪ್ಪು ಗುರುತು ಮಾಡಿ ವಾಪಸ್ ಕೊಡಿ, ಎರಡನೇ ಸಲ ಬರೆದದ್ದಕ್ಕೆ ಹಾಕಿ. ಆಗ ನಿಮ್ಮ ರೂಬ್ರಿಕ್ಸಿಗೂ ನನ್ನ ತಕರಾರಿಲ್ಲ, ಪೀಠಿಕೆ ಉಪಸಂಹಾರ ಮಾತ್ರ 10ನೇ ಕ್ಲಾಸಲ್ಲಿ ನಾನು ಬಿಡಲ್ಲ.

ಸೋಮವಾರಪೇಟೆ ಟೀಚರ್:
ಎರಡನೇ ಸಲ ಬರೆಸೋದು ಒಳ್ಳೇದು ಸರ್, ಪೀರಿಯಡ್ ಹೊಂದಿಸ್ತೀನಿ. ಮುಂದಿನ ಎಫ್‌ಎಗೆ "ನಿಮ್ಮ ಮನೆಯಿಂದ ಬಸ್ ನಿಲ್ಲೋ ಜಾಗದವರೆಗಿನ ದಾರಿ" ಕೊಡೋಣ ಅಂತ ಇದೀನಿ, ಅದು ಎಲ್ಲಾ ಮಕ್ಕಳಿಗೂ ಇದೆ. ಹೆಸರು ಮುಚ್ಚಿ ಜೆರಾಕ್ಸ್ ಮಾಡಿ 10 ಪೇಪರ್ ಕಳಿಸ್ಲಾ, ನೀವೂ ಬೇರೆಯಾಗಿ ತಿದ್ದಿ ನೋಡ್ತೀರಾ?

ನಾಪೋಕ್ಲು ಮೇಷ್ಟ್ರು:
ಕಳಿಸಿ. ನಿಮ್ಮ ಅಂಕ ಮಾತ್ರ ಮೊದಲೇ ಹೇಳ್ಬೇಡಿ.