ಪತ್ರಿಕೆಯ ಮುಖಪುಟದ ಸಂಕ್ಷಿಪ್ತಾಕ್ಷರಗಳನ್ನು ಹೇಗೆ ಓದಬೇಕು?

ಪ್ರಶ್ನೆ: ನಾನು ಕನ್ನಡ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ. ಮೊದಲ ಲೇಖನ ಕಳುಹಿಸಬೇಕೆಂದಿರುವ ಪತ್ರಿಕೆಯ ಮೇಲೆ ಐಎಸ್‌ಎಸ್‌ಎನ್, ಡಿಒಐ, ಐಎಫ್, ಎಪಿಸಿ ಎಂದೆಲ್ಲ ಅಚ್ಚಾಗಿದೆ. ಇವುಗಳ ಅರ್ಥವೇನು, ಯಾವುದನ್ನು ನೋಡಿ ನಂಬಬಹುದು? ಬಲ್ಲವರು ದಯವಿಟ್ಟು ತಿಳಿಸಿ.

ಗ್ರಂಥಪಾಲಕರೊಬ್ಬರು: ಐಎಸ್‌ಎಸ್‌ಎನ್ ಎಂದರೆ ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್ ಸೀರಿಯಲ್ ನಂಬರ್. ಅದು ನಿಯತಕಾಲಿಕೆಗೆ ಕೊಡುವ ಎಂಟು ಸ್ಥಾನಗಳ ಗುರುತಿನ ಸಂಖ್ಯೆಯೇ ಹೊರತು ಗುಣಮಟ್ಟದ ಮುದ್ರೆಯಲ್ಲ. ನಮ್ಮಲ್ಲಿಗೆ ಬರುವ ವಿದ್ಯಾರ್ಥಿಗಳು ಹೆಚ್ಚಾಗಿ ತಪ್ಪು ತಿಳಿಯುವುದು ಇಲ್ಲಿಯೇ. ಇದರ ಕೊನೆಯ ಅಂಕಿ ತಾಳೆ ನೋಡುವುದಕ್ಕಾಗಿ ಇರುವಂಥದ್ದು. 'ನೇಚರ್' ಪತ್ರಿಕೆಯ 0028-0836 ಅನ್ನೇ ತೆಗೆದುಕೊಳ್ಳಿ: ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ 82 ಬರುತ್ತದೆ, ಕೊನೆಯ 6 ಸೇರಿಸಿದರೆ 88 ಆಗಿ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಕೊನೆಯಲ್ಲಿ ಎಕ್ಸ್ ಇದ್ದರೆ ಅದನ್ನು 10 ಎಂದು ಎಣಿಸಬೇಕು. ಲೆಕ್ಕ ಸರಿಹೋದರೂ ಆ ಸಂಖ್ಯೆ ಆ ಪತ್ರಿಕೆಯದೇ ಹೌದೇ ಎಂಬುದನ್ನು ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಹುಡುಕಿ ಖಚಿತಪಡಿಸಿಕೊಳ್ಳಿ.

ಇತಿಹಾಸದ ಅಧ್ಯಾಪಕಿಯೊಬ್ಬರು: ಎಪಿಸಿ ಎಂದರೆ ಆರ್ಟಿಕಲ್ ಪ್ರೊಸೆಸಿಂಗ್ ಚಾರ್ಜ್, ಅಂದರೆ ಪ್ರಕಟಣೆಗೆ ಲೇಖಕರಿಂದ ಪಡೆಯುವ ಶುಲ್ಕ. ಒಳ್ಳೆಯ ಮುಕ್ತ ಪ್ರವೇಶ (ಓದುಗರಿಗೆ ಉಚಿತವಾಗಿ ಸಿಗುವ) ಪತ್ರಿಕೆಗಳಲ್ಲೂ ಅದು ಇರುವುದರಿಂದ ಶುಲ್ಕವೊಂದನ್ನೇ ನೋಡಿ ಅನುಮಾನಿಸಬೇಕಿಲ್ಲ. ಆದರೆ ನಾನು ಹಣ ಕಟ್ಟಿದ ಪತ್ರಿಕೆಯೊಂದು ಪರಿಶೀಲಕರ ಒಂದು ಸಾಲಿನ ಟಿಪ್ಪಣಿಯೂ ಇಲ್ಲದೆ ಮೂರೇ ದಿನದಲ್ಲಿ ಲೇಖನವನ್ನು ಒಪ್ಪಿಕೊಂಡಿತು; ಅದರ ಮೇಲೆ ಅಚ್ಚಾಗಿದ್ದ, 10ರಿಂದ ಆರಂಭವಾಗುವ ಡಿಒಐ (ಡಿಜಿಟಲ್ ಆಬ್ಜೆಕ್ಟ್ ಐಡೆಂಟಿಫೈಯರ್, ಅಂದರೆ ಲೇಖನವನ್ನು ಅಂತರಜಾಲದಲ್ಲಿ ಗುರುತಿಸುವ ಶಾಶ್ವತ ಸಂಖ್ಯೆ) ಸಂಖ್ಯೆಯನ್ನು ಡಿಒಐ ತಾಣದಲ್ಲಿ ಹಾಕಿದಾಗ ಅಂಥದ್ದೇ ಇಲ್ಲವೆಂದು ಬಂತು. ಆ ಲೇಖನಕ್ಕೆ ನಾನು ಪಟ್ಟ ಶ್ರಮವನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಐಎಫ್, ಅಂದರೆ ಇಂಪ್ಯಾಕ್ಟ್ ಫ್ಯಾಕ್ಟರ್, ಕ್ಲಾರಿವೇಟ್ ಸಂಸ್ಥೆಯ ಎಣಿಕೆ; ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖಗಳು ಬಂದವೆಂಬುದನ್ನು ಅದು ಹೇಳುತ್ತದೆ. ಅದೇ ಹೆಸರನ್ನು ಹೋಲುವ ಬೇರೆ ಅಂಕಗಳನ್ನು ಅಚ್ಚುಹಾಕುವವರೂ ಇದ್ದಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ಮಾನ್ಯ ಮಾಡಿದ ಪತ್ರಿಕೆಗಳ ಪಟ್ಟಿಯಾಗಿದ್ದ ಯುಜಿಸಿ-ಕೇರ್ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಡಲಾಗಿದೆ. ಆದ್ದರಿಂದ ಇನ್ನೂ ಆ ಹೆಸರನ್ನು ಮುಂದಿಡುವ ಪತ್ರಿಕೆಯ ಸಂಪಾದಕ ಮಂಡಳಿಯನ್ನು ವಿಚಾರಿಸಿಯೇ ಮುಂದುವರಿಯಿರಿ.

ಇನ್ನೊಬ್ಬರು: ಲೇಖನ ಕಳುಹಿಸುವ ಮುನ್ನ ಉಚಿತವಾಗಿ ಸಿಗುವ 16 ಸ್ಥಾನಗಳ ಆರ್ಕಿಡ್ (ಒಆರ್‌ಸಿಐಡಿ) ಸಂಖ್ಯೆಯನ್ನು, ಅಂದರೆ ಸಂಶೋಧಕರನ್ನು ಗುರುತಿಸುವ ಸಂಖ್ಯೆಯನ್ನು, ಪಡೆದುಕೊಳ್ಳಿ. ನನ್ನ ಊರಿನ ಹೆಸರು ಮತ್ತು ತಂದೆಯ ಇನಿಷಿಯಲ್ ಒಂದು ಲೇಖನದಲ್ಲಿ ಹಿಂದೆ, ಮತ್ತೊಂದರಲ್ಲಿ ಮುಂದೆ ಅಚ್ಚಾಗಿ, ನನ್ನ ಬರಹಗಳೇ ಇಬ್ಬರ ಹೆಸರಿನಲ್ಲಿ ಹಂಚಿಹೋಗಿದ್ದವು. ಆರ್ಕಿಡ್ ಬಂದ ಮೇಲೆಯೇ ಅವು ಒಂದೆಡೆ ಸೇರಿದವು.