ಸಕ್ಕರೆ ಕಡಿಮೆ ಮಾಡಿದರೆ ಐಸ್‌ಕ್ರೀಂ ಯಾಕೆ ಕಲ್ಲಾಗುತ್ತದೆ?

ಪ್ರಶ್ನೆ (ಉಡುಪಿಯಿಂದ): ಸರ್, ನಮ್ಮ ಮಾವನಿಗೆ ಹತ್ತು ವರ್ಷದಿಂದ ಶುಗರ್ ಉಂಟು. ಮಕ್ಕಳು ಗಡ್‌ಬಡ್ ತಿನ್ನುವಾಗ ಅವರು ಎದ್ದು ಚಾವಡಿಗೆ ಹೋಗಿ ಕೂರುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಅವರಿಗೆಂದೇ ಬೊಂಡದ (ಎಳನೀರಿನ) ಐಸ್‌ಕ್ರೀಂ ಮಾಡಿದೆ. ಅರ್ಧ ಲೀಟರ್ ಹಾಲು, ಒಂದು ಲೋಟ ಬೊಂಡದ ನೀರು, ಗಂಜಿ (ಬೊಂಡದೊಳಗಿನ ಎಳೆ ತಿರುಳು), ಸಕ್ಕರೆಯ ಬದಲು ಸ್ಟೀವಿಯಾ. ಹಾಲು ಕುದಿಯುವಾಗಲೇ ಎರಡು ಚಮಚ ವೆನಿಲ್ಲಾ ಎಸೆನ್ಸ್ ಹಾಕಿದೆ. ಮರುದಿನ ಚಮಚ ಇಳಿಯಲೇ ಇಲ್ಲ. ಬಾಯಿಗಿಟ್ಟರೆ ಕಹಿ. ಎಲ್ಲಿ ತಪ್ಪಿತು?

ಉತ್ತರ (ಐಸ್‌ಕ್ರೀಂ ತಯಾರಕರು, ಮಂಗಳೂರು): ಅಕ್ಕ, ನಿಮ್ಮ ಕೈಯ ತಪ್ಪಲ್ಲ. ಸಕ್ಕರೆ ಇರುವುದು ಸಿಹಿಗೆ ಮಾತ್ರ ಎಂದು ಎಲ್ಲರೂ ತಿಳಿದಿರುತ್ತಾರೆ. ಆದರೆ ಕರಗಿದ ಸಕ್ಕರೆ ನೀರನ್ನು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟಲು ಬಿಡುವುದಿಲ್ಲ. ಫ್ರೀಜರಿನ ಮೈನಸ್ 18ರಲ್ಲೂ ಒಂದಿಷ್ಟು ನೀರು ದ್ರವವಾಗಿಯೇ ಉಳಿಯುತ್ತದೆ, ಐಸ್‌ಕ್ರೀಂ ಮೆತ್ತಗಿರುವುದು ಅದರಿಂದ. ಸಾಮಾನ್ಯವಾಗಿ ನಾವು 100 ಗ್ರಾಂ ಮಿಶ್ರಣಕ್ಕೆ 14ರಿಂದ 16 ಗ್ರಾಂ ಸಕ್ಕರೆ ಹಾಕುತ್ತೇವೆ. ಸ್ಟೀವಿಯಾದ ಸಿಹಿ ಸಕ್ಕರೆಯ 200 ಪಟ್ಟಿಗೂ ಹೆಚ್ಚು, ಹಾಗಾಗಿ ಬೀಳುವುದು ಒಂದು ಚಿಟಿಕೆ. ಆ ಚಿಟಿಕೆಯಿಂದ ಈ ಕೆಲಸ ಆಗುವುದಿಲ್ಲ. ಅದರ ಮೇಲೆ ಒಂದು ಲೋಟ ಬೊಂಡದ ನೀರು ಬೇರೆ! ನೀರು ಬಿಡಿ, ಗಂಜಿ ಮಾತ್ರ ರುಬ್ಬಿ ಹಾಕಿ.

ಕಹಿಗೆ ಎರಡು ಕಾರಣ: ಸ್ಟೀವಿಯಾ ಸ್ವಲ್ಪ ಹೆಚ್ಚಾದರೂ ಜೇಷ್ಠಮಧುವಿನಂಥ ಕಹಿ ನಾಲಗೆಯಲ್ಲಿ ನಿಲ್ಲುತ್ತದೆ, ಎಸೆನ್ಸ್ ಹೆಚ್ಚಾದರೂ ಹಾಗೆಯೇ. ಕುದಿಯುವಾಗ ಹಾಕಿದ್ದರಿಂದ ಪರಿಮಳ ಹಬೆಯಲ್ಲಿ ಹೋಯಿತು, ಉಳಿದದ್ದು ಖಾರದಂಥ ರುಚಿ. ಹಾಲು ಪೂರ್ತಿ ತಣ್ಣಗಾಗಿ ಫ್ರಿಜ್ಜಿನಿಂದ ಹೊರಬಂದ ಮೇಲೆಯೇ ಎಸೆನ್ಸ್ ಸೇರಿಸಬೇಕು. ಮೊದಲು ಅರ್ಧ ಚಮಚ ಹಾಕಿ ರುಚಿ ನೋಡಿ. ತಣ್ಣಗೆ ತಿನ್ನುವಾಗ ಸಿಹಿಯೂ ಪರಿಮಳವೂ ಕಡಿಮೆ ತಿಳಿಯುವುದರಿಂದ, ಮಿಶ್ರಣದಲ್ಲಿ ತುಸು ಜಾಸ್ತಿ ಎನಿಸಿದರೆ ಸರಿ. ವೆನಿಲ್ಲಾದ ಪರಿಮಳ ನಾಲಗೆಗೆ ಸಿಹಿಯ ನೆನಪು ತರುತ್ತದೆ. ಏಲಕ್ಕಿ, ಜಾಯಿಕಾಯಿಯೂ ಹಾಗೆಯೇ. ಸಕ್ಕರೆ ಕಡಿಮೆ ಮಾಡುವವರಿಗೆ ಅದೇ ದೊಡ್ಡ ಸಹಾಯ.

ನಾನು ಮನೆಗೆ ಮಾಡುವ ಅಳತೆ: ಕೆನೆಭರಿತ ಹಾಲು ಅರ್ಧ ಲೀಟರ್, ಕ್ರೀಂ 200 ಮಿ.ಲೀ., ಹಾಲಿನ ಪುಡಿ 40 ಗ್ರಾಂ, ಸಕ್ಕರೆ 50 ಗ್ರಾಂ, ಎರಿಥ್ರಿಟಾಲ್ (ಸಕ್ಕರೆಯ ಬದಲು ಬಳಸುವ ಸಿಹಿಪುಡಿ) 25 ಗ್ರಾಂ, ಕಾರ್ನ್‌ಫ್ಲೋರ್ ಒಂದು ದೊಡ್ಡ ಚಮಚ, ಚಿಟಿಕೆ ಉಪ್ಪು. ಎರಿಥ್ರಿಟಾಲ್ ತೂಕಕ್ಕೆ ತೂಕ ಸಕ್ಕರೆಗಿಂತ ಎರಡೂವರೆ ಪಟ್ಟಿಗೂ ಮಿಕ್ಕಿ ಮೆದು ಮಾಡುತ್ತದೆ. ಎಲ್ಲ ಕುದಿಸಿ ದಪ್ಪ ಮಾಡಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಎಸೆನ್ಸ್, ಗಂಜಿ ಸೇರಿಸಿ, ಅಗಲದ ಸ್ಟೀಲ್ ತಟ್ಟೆಯಲ್ಲಿ ಫ್ರೀಜರಿಗಿಟ್ಟು ಮುಕ್ಕಾಲು ಗಂಟೆಗೊಮ್ಮೆ ಚೆನ್ನಾಗಿ ಕಡೆಯಿರಿ, ನಾಲ್ಕು ಸಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಪೂರ್ತಿ ಕರಗಿದ್ದನ್ನು ಮತ್ತೆ ಗಟ್ಟಿಮಾಡಿ ಹಿರಿಯರಿಗೆ ಕೊಡಬೇಡಿ, ದಯವಿಟ್ಟು.

ಇದರಲ್ಲೂ ಸಕ್ಕರೆಯ ಅಂಶ ಉಂಟು, ಮರೆಯಬೇಡಿ. ಹಾಲಿನ ಸ್ವಂತ ಸಕ್ಕರೆಯಾದ ಲ್ಯಾಕ್ಟೋಸ್ ಸೇರಿ 60 ಗ್ರಾಂನ ಸಣ್ಣ ಉಂಡೆಯಲ್ಲಿ 8 ಗ್ರಾಂ ಆಸುಪಾಸು.

ಪ್ರಶ್ನೆ (ಉಡುಪಿಯ ಅದೇ ಅಕ್ಕ): ಸರ್, ಹೇಳಲು ಮರೆತೆ, ಮಾವನಿಗೆ ಹೋದ ವರ್ಷ ಸ್ಟೆಂಟ್ ಹಾಕಿದ್ದಾರೆ.

ಉತ್ತರ: ಹಾಗಾದರೆ ಎರಿಥ್ರಿಟಾಲ್ ಬೇಡ. ರಕ್ತದಲ್ಲಿ ಅದರ ಪ್ರಮಾಣ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡುಬಂದಿತ್ತು ಎಂದು 2023ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಅಧ್ಯಯನವೊಂದು ಹೇಳಿದೆ. ಅದೇ ಕಾರಣವೆಂದು ಸಾಬೀತಾಗಿಲ್ಲ, ಆದರೂ ಸ್ಟೆಂಟ್ ಇರುವವರ ಮೇಲೆ ಪರೀಕ್ಷೆ ಮಾಡುವುದು ನನಗೆ ಇಷ್ಟವಿಲ್ಲ. ಕ್ರೀಂ ಕೂಡ ಅರ್ಧಕ್ಕೆ ಇಳಿಸಿ, ಅವರ ಡಾಕ್ಟರರನ್ನು ಒಮ್ಮೆ ಕೇಳಿ. ಸಕ್ಕರೆ 50 ಗ್ರಾಂ ಮಾತ್ರ ಇರಲಿ. ಸ್ವಲ್ಪ ಗಟ್ಟಿಯಾಗುತ್ತದೆ, ಆಗಲಿ. ಸಣ್ಣ ಸಣ್ಣ ಕಪ್ಪಿನಲ್ಲಿ ಹಾಕಿಟ್ಟು, ತಿನ್ನುವ 20 ನಿಮಿಷ ಮೊದಲು ಫ್ರಿಜ್ಜಿನ ಕೆಳಗಿನ ಭಾಗಕ್ಕೆ ಇಳಿಸಿ.

ಪ್ರಶ್ನೆ (ಇನ್ನೊಬ್ಬರು): ಸಕ್ಕರೆಯ ಬದಲು ಓಲೆಬೆಲ್ಲ ಹಾಕಬಹುದಾ?

ಉತ್ತರ: ರುಚಿಗೆ ಖಂಡಿತ ಹಾಕಿ, ತೆಂಗಿನ ಹಾಲಿನ ಜೊತೆ ಬಹಳ ಚಂದ. ಆದರೆ ಬೆಲ್ಲದಲ್ಲಿ ಬಹುಪಾಲು ಸಕ್ಕರೆಯೇ. ಶುಗರ್ ಇರುವವರಿಗೆ ಲೆಕ್ಕ ಬದಲಾಗುವುದಿಲ್ಲ.

ಪ್ರಶ್ನೆ: ನಮ್ಮ ತೋಟದಲ್ಲಿ ಹಳೆಯ ವೆನಿಲ್ಲಾ ಬಳ್ಳಿ ಉಂಟು. ಅದರ ಕೋಡು ಆಗುತ್ತದಾ?

ಉತ್ತರ: ಹಸಿ ಕೋಡಿಗೆ ಪರಿಮಳವೇ ಇಲ್ಲ. ಬಿಸಿನೀರಿಗೆ ಅದ್ದಿ, ಕಂಬಳಿಯಲ್ಲಿ ಬೆವರಿಸಿ, ತಿಂಗಳುಗಟ್ಟಲೆ ಒಣಗಿಸಿ ಹದ ಮಾಡಬೇಕು. 2003ರ ಹೊತ್ತಿಗೆ ಬೆಲೆ ಏರಿದಾಗ ನಮ್ಮ ಕಡೆ ಎಷ್ಟೋ ಮನೆಯವರು ಆ ಕೆಲಸ ಕಲಿತಿದ್ದರು, ನಿಮ್ಮ ನೆರೆಯಲ್ಲೇ ಗೊತ್ತಿರುವವರು ಸಿಗಬಹುದು. ಹದವಾದ ಒಂದು ಕೋಡನ್ನು ಸೀಳಿ ಬಿಸಿ ಹಾಲಿನಲ್ಲಿ ಅರ್ಧ ಗಂಟೆ ಮುಚ್ಚಿಡಿ. ಆಮೇಲೆ ಅಂಗಡಿಯ ಬಾಟ್ಲಿ ನಿಮಗೆ ಬೇಕಾಗುವುದಿಲ್ಲ.

ಪ್ರಶ್ನೆ: ಪುನರ್ಪುಳಿಯದ್ದು (ಕೋಕಂ ಹಣ್ಣಿನದ್ದು) ಮಾಡಬಹುದಾ ಸರ್?

ಉತ್ತರ: ಹಾಲಿಗೆ ಬೇಡ, ಒಡೆಯುತ್ತದೆ. ಅಚ್ಚಿನಲ್ಲಿ ಐಸ್‌ಕ್ಯಾಂಡಿ ಮಾಡಿ. ಕ್ಯಾಂಡಿ ಗಟ್ಟಿ ಇದ್ದರೇ ಸರಿ, ಹಾಗಾಗಿ ಸಕ್ಕರೆ ಎಷ್ಟು ಕಡಿಮೆ ಆದರೂ ತೊಂದರೆ ಇಲ್ಲ. ಹುರಿದ ಜೀರಿಗೆಪುಡಿ, ಚಿಟಿಕೆ ಉಪ್ಪು ಹಾಕಲು ಮಾತ್ರ ಮರೆಯಬೇಡಿ.